‘ಸದ್ದಿಲ್ಲದ’ ಸೂಪರ್‌ಸಾನಿಕ್ ವಿಮಾನವನ್ನು ಹಳೆ ಬಿಡಿಭಾಗಗಳಿಂದ ಕಟ್ಟಿದ್ದಾರೆ ಅನ್ನುವುದು ನಿಜವೇ?

ಪ್ರಶ್ನೆ: ನಾನು ಬೊಮ್ಮಸಂದ್ರದಲ್ಲಿ ಸಣ್ಣ ಸಿಎನ್‌ಸಿ ವರ್ಕ್‌ಶಾಪ್ ನಡೆಸುತ್ತೇನೆ. ವಿಮಾನದ ಬ್ರಾಕೆಟ್, ಬುಷ್ ಥರದ ಚಿಕ್ಕಪುಟ್ಟ ಕೆಲಸವೂ ಬರುತ್ತದೆ. 2020ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಒಂದು ಮಧ್ಯಾಹ್ನ ದೊಡ್ಡ ಸದ್ದು ಬಂತಲ್ಲ, ಆಗ ಹೆಬ್ಬಗೋಡಿಯ ನಮ್ಮ ಮನೆಯ ಕಿಟಕಿಗಳು ಗಡಗಡ ಅಂದವು. ಅಮ್ಮ ಭೂಕಂಪ ಅಂದುಕೊಂಡು ಹೊರಗೆ ಓಡಿ ಬಂದರು. ಈಗ ಡಿಪ್ಲೊಮಾ ಓದುತ್ತಿರುವ ನನ್ನ ಅಕ್ಕನ ಮಗ ಹೇಳುತ್ತಾನೆ: “ಮಾವ, ಅಮೆರಿಕದಲ್ಲಿ ಎಕ್ಸ್-59 ಅಂತ ವಿಮಾನ ಕಟ್ಟಿದ್ದಾರೆ. ಶಬ್ದಕ್ಕಿಂತ ವೇಗವಾಗಿ ಹೋದರೂ ಸದ್ದೇ ಬರಲ್ಲ. ಎಫ್-16ರ ಚಕ್ರ, ಹಳೆ ಟ್ರೈನರ್ ವಿಮಾನದ ಸೀಟು ಎಲ್ಲ ತಂದು ಜೋಡಿಸಿದ್ದಾರೆ. ಪೈಲಟ್‌ಗೆ ಮುಂದೆ ಗಾಜೇ ಇಲ್ಲ.” ಇದರಲ್ಲಿ ಎಷ್ಟು ನಿಜ? ಹಳೆ ಭಾಗ ಹಾಕಿದ ವಿಮಾನವನ್ನು ನಂಬಬಹುದಾ? ಒಂದೇ ಒಂದು ವಿಮಾನಕ್ಕೆ ಏಳು ವರ್ಷ ಯಾಕೆ ಬೇಕಾಯಿತು? ನಾಳೆ ಇಂಥವು ನಮ್ಮ ತಲೆಯ ಮೇಲೆ ಹಾರಿದರೆ ಮನೆಯಲ್ಲಿರುವ ವಯಸ್ಸಾದವರ ಗತಿ ಏನು? ಹುಡುಗ ಇದೇ ಕೆಲಸಕ್ಕೆ ಹೋಗುತ್ತೇನೆ ಅನ್ನುತ್ತಿದ್ದಾನೆ, ಏನು ಕಲಿಯಲಿ?

ಉತ್ತರ: ಹುಡುಗ ಹೇಳಿದ್ದರಲ್ಲಿ ಬಿಡಿಭಾಗದ ಮಾತು ನಿಜ. ಗಾಜಿನ ಮಾತು ಬಹುಪಾಲು ನಿಜ. ‘ಸದ್ದೇ ಬರಲ್ಲ’ ಅನ್ನುವುದು ಸುಳ್ಳು. ನಾನು ಕೆಲಸ ಮಾಡಿದ್ದು ವಿಮಾನಗಳ ಕಟ್ಟು ಜೋಡಿಸುವ ಹ್ಯಾಂಗರ್‌ನಲ್ಲಿ. ಎಕ್ಸ್-59ರ ಕೆಲಸದಲ್ಲಿ ನಾನಿರಲಿಲ್ಲ. ಅದನ್ನು ಕಟ್ಟಿಸಿದ ನಾಸಾ ಬಹಿರಂಗವಾಗಿ ಹೇಳಿರುವುದನ್ನೂ, ಜೋಡಣೆಯ ಕೆಲಸದಲ್ಲಿ ನಾನು ಕಂಡು ಕಲಿತದ್ದನ್ನೂ ಸೇರಿಸಿ ಉತ್ತರಿಸುತ್ತೇನೆ.

ಮೊದಲು ಆ ಸದ್ದಿನ ವಿಷಯ. 2020ರ ಮೇ 20ರಂದು ನೀವು ಕೇಳಿದ್ದು ಭೂಕಂಪ ಆಗಿರಲಿಲ್ಲ. ವಾಯುಪಡೆಯ ವಿಮಾನವೊಂದು ಪರೀಕ್ಷಾ ಹಾರಾಟಕ್ಕೆ ಬೆಂಗಳೂರಿನಿಂದ ಹೊರಟು, ಊರಾಚೆ ಗೊತ್ತು ಮಾಡಿದ ಆಕಾಶದಲ್ಲಿ ಶಬ್ದದ ವೇಗ ದಾಟಿತ್ತು. 36,000ದಿಂದ 40,000 ಅಡಿ ಎತ್ತರದಲ್ಲಿ ವೇಗ ಇಳಿಸುವಾಗ ಆ ಸದ್ದು ಹುಟ್ಟಿರಬೇಕು ಎಂದು ರಕ್ಷಣಾ ಇಲಾಖೆ ತಿಳಿಸಿತು. ವಿಮಾನ 65ರಿಂದ 80 ಕಿಲೋಮೀಟರ್ ದೂರದಲ್ಲಿದ್ದರೂ ಇಂಥ ಸದ್ದು ಕೇಳಿಸಬಹುದು ಎಂದೂ ಹೇಳಿತು. ನಿಮ್ಮ ತಾಯಿ ಹೆದರಿದ್ದರಲ್ಲಿ ತಪ್ಪೇನೂ ಇಲ್ಲ. ಶಬ್ದಕ್ಕಿಂತ ವೇಗವಾಗಿ ಹೋಗುವ ವಿಮಾನದಿಂದ ಬರುವ ಇಂಥ ಸದ್ದಿಗೆ ಸೋನಿಕ್ ಬೂಮ್ ಅನ್ನುತ್ತಾರೆ. ಅದರಲ್ಲಿ ಕಿವಿಗೆ ಕೇಳುವ ಸದ್ದಿಗಿಂತ, ಕಿವಿಗೆ ಕೇಳದಷ್ಟು ನಿಧಾನದ ಕಂಪನ ಜಾಸ್ತಿ ಇರುತ್ತದೆ. ಆ ಕಂಪನವನ್ನು ಗೋಡೆ ತಡೆಯುವುದಿಲ್ಲ. ಕಿಟಕಿ, ಪಾತ್ರೆ, ಬಾಗಿಲು ನಡುಗುತ್ತವೆ. ಮನೆಯೊಳಗೆ ಇದ್ದವರಿಗೆ ಅದು ಭೂಕಂಪದ ಹಾಗೆಯೇ ಅನ್ನಿಸುತ್ತದೆ.

ಈ ಸದ್ದಿನ ಬಗ್ಗೆ ಎರಡು ತಪ್ಪು ತಿಳಿವಳಿಕೆ ಬಹಳ ಹರಡಿದೆ. ಒಂದು, ಇದು ಇಂಜಿನ್ ಸದ್ದು ಅನ್ನುವುದು. ಇಂಜಿನ್ ಇಲ್ಲದ ಬಂದೂಕಿನ ಗುಂಡು ಕೂಡ ಶಬ್ದದ ವೇಗ ದಾಟಿದರೆ ಚಟೀರ್ ಅನ್ನುತ್ತದೆ. ಎರಡು, ಶಬ್ದದ ವೇಗವನ್ನು ದಾಟುವ ಆ ಒಂದು ಕ್ಷಣದಲ್ಲಿ ಮಾತ್ರ ‘ಢಂ’ ಅನ್ನುತ್ತದೆ, ಆಮೇಲೆ ಸುಮ್ಮನಾಗುತ್ತದೆ ಅನ್ನುವುದು. ಅದೂ ತಪ್ಪು. ವಿಮಾನ ಆ ವೇಗದಲ್ಲಿರುವಷ್ಟು ಹೊತ್ತೂ ಸದ್ದಿನ ಒಂದು ಪಟ್ಟಿ ನೆಲದ ಮೇಲೆ ಅದರ ಹಿಂದೆಯೇ ಎಳೆದುಕೊಂಡು ಬರುತ್ತಿರುತ್ತದೆ. ನಿಂತಲ್ಲೇ ನಿಂತವರಿಗೆ ಒಮ್ಮೆ ಮಾತ್ರ ಕೇಳುತ್ತದೆ, ಅಷ್ಟೇ. ಪಟ್ಟಿಯ ಅಗಲ ಎತ್ತರದ ಮೇಲೆ ನಿಂತಿದೆ: ಪ್ರತಿ ಸಾವಿರ ಅಡಿಗೆ ಹೆಚ್ಚುಕಡಿಮೆ ಒಂದು ಮೈಲಿ. 50,000 ಅಡಿ ಮೇಲೆ ಹಾರಿದರೆ 80 ಕಿಲೋಮೀಟರ್ ಅಗಲದ ನೆಲದಲ್ಲಿ ಎಲ್ಲರಿಗೂ ಅದು ಮುಟ್ಟುತ್ತದೆ.

ಕಾರಣ ಹೀಗಿದೆ. ವಿಮಾನ ಗಾಳಿಯನ್ನು ತಳ್ಳಿಕೊಂಡು ಹೋಗುವಾಗ ಒತ್ತಡದ ಅಲೆಗಳು ಏಳುತ್ತವೆ. ಅಲೆಗಳು ಶಬ್ದದ ವೇಗದಲ್ಲಿ ಮಾತ್ರ ಓಡಬಲ್ಲವು. ವಿಮಾನವೇ ಅದಕ್ಕಿಂತ ಜೋರಾಗಿ ಹೋದರೆ ಅಲೆಗಳಿಗೆ ಮುಂದೆ ಹೋಗಿ ದಾರಿ ಬಿಡಿಸಲು ಆಗುವುದಿಲ್ಲ. ಮೂತಿ, ಕಾಕ್‌ಪಿಟ್, ರೆಕ್ಕೆ, ಇಂಜಿನ್ ಬಾಯಿ, ಬಾಲ, ಗಾಳಿ ತಿರುವು ಪಡೆಯುವ ಪ್ರತಿಯೊಂದು ಜಾಗದಲ್ಲೂ ಒಂದೊಂದು ಆಘಾತದ ಅಲೆ ಹುಟ್ಟುತ್ತದೆ. ನೆಲಕ್ಕೆ ಬರುವಷ್ಟರಲ್ಲಿ ಇವೆಲ್ಲ ಒಂದಕ್ಕೊಂದು ಸೇರಿ ಎರಡೇ ದೊಡ್ಡ ಅಲೆಗಳಾಗುತ್ತವೆ, ಮುಂದೆ ಒಂದು, ಹಿಂದೆ ಒಂದು. ‘ಢಂ-ಢಂ’ ಎಂದು ಜೋಡಿಯಾಗಿ ಕೇಳುವುದು ಅದಕ್ಕೇ. ಮದುವೆ ಮನೆಯಲ್ಲಿ ಊಟದ ಹಾಲ್‌ನ ಬಾಗಿಲು ತೆಗೆದ ಕೂಡಲೇ ಇನ್ನೂರು ಜನ ನುಗ್ಗಿದರೆ ಬಾಗಿಲೇ ಅದುರುತ್ತದೆ. ಅದೇ ಇನ್ನೂರು ಜನರನ್ನು ಬಿಡಿಬಿಡಿಯಾಗಿ ಒಳಗೆ ಬಿಟ್ಟರೆ ಬಾಗಿಲಿಗೆ ಏನೂ ಆಗುವುದಿಲ್ಲ. ಜನ ಕಡಿಮೆ ಆಗಿಲ್ಲ, ಬಂದ ರೀತಿ ಬೇರೆ.

ಎಕ್ಸ್-59 ಮಾಡಹೊರಟಿರುವುದು ಇಷ್ಟೇ: ಅಲೆಗಳನ್ನು ಬಿಡಿಬಿಡಿಯಾಗಿ ನೆಲಕ್ಕೆ ಕಳಿಸುವುದು. ಯಾವ ಸೈಲೆನ್ಸರೂ ಇಲ್ಲ, ಗುಟ್ಟಿನ ಯಂತ್ರವೂ ಇಲ್ಲ. ಇರುವುದು ಆಕಾರ ಮಾತ್ರ. ಇದು ಹೊಸ ಯೋಚನೆಯೂ ಅಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಸೀಬಾಸ್ ಮತ್ತು ಜಾರ್ಜ್ ಎಂಬ ಇಬ್ಬರು 1970ರ ಆಸುಪಾಸಿನಲ್ಲೇ ಇದರ ಲೆಕ್ಕ ಹಾಕಿದ್ದರು. ನಾಸಾದ ಗಣಿತಜ್ಞೆ ಕ್ರಿಸ್ಟೀನ್ ಡಾರ್ಡನ್ ಅದನ್ನು ಬೆಳೆಸುವುದರಲ್ಲಿ ಬಹಳ ವರ್ಷ ದುಡಿದರು. 2003ರಲ್ಲಿ ಒಂದು ಎಫ್-5 ಯುದ್ಧವಿಮಾನದ ಮೂತಿಯನ್ನು ದಪ್ಪ ಮಾಡಿ ಹಾರಿಸಿ ನೋಡಿದಾಗ, ಆಕಾರ ಬದಲಿಸಿದರೆ ನೆಲಕ್ಕೆ ಬರುವ ಅಲೆಯೂ ಬದಲಾಗುತ್ತದೆ ಅನ್ನುವುದು ಸಾಬೀತಾಯಿತು. ಆದರೆ ಅಲ್ಲಿ ಮುಂದಿನ ಅಲೆಯನ್ನಷ್ಟೇ ಪಳಗಿಸಿದ್ದರು. ಮೂತಿಯಿಂದ ಬಾಲದವರೆಗೆ ಇದೇ ಒಂದು ಉದ್ದೇಶಕ್ಕೆ ಕಟ್ಟಿದ ವಿಮಾನ ಎಕ್ಸ್-59.

ಅದರ ರೂಪವನ್ನು ಗಮನಿಸಿ. ಉದ್ದ 30 ಮೀಟರಿಗೂ ಸ್ವಲ್ಪ ಜಾಸ್ತಿ, ರೆಕ್ಕೆಯ ಅಗಲ 9 ಮೀಟರ್ ಮಾತ್ರ. ಒಟ್ಟು ಉದ್ದದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಮೂತಿಯೇ. ಇಂಜಿನ್ ಬೆನ್ನ ಮೇಲಿದೆ, ಅದರ ಗಾಳಿಬಾಯಿಯ ಅಲೆ ಕೆಳಗೆ ಬರದಿರಲಿ ಎಂದು. ಹೊಟ್ಟೆಯ ಭಾಗವನ್ನು ಆದಷ್ಟು ನುಣ್ಣಗೆ ಇಟ್ಟಿದ್ದಾರೆ. ಬಾಲದ ತುದಿಯಲ್ಲಿ ಇನ್ನೊಂದು ಚಿಕ್ಕ ಅಡ್ಡರೆಕ್ಕೆ ಇದೆ. ಹಿಂದಿನ ಅಲೆಗಳು, ಅಂದರೆ ನಾಜಲ್‌ನಿಂದಲೂ (ಇಂಜಿನ್ ಬಿಸಿ ಗಾಳಿ ಉಗುಳುವ ಹಿಂಬಾಯಿ) ಬಾಲದಿಂದಲೂ ಏಳುವ ಅಲೆಗಳು, ಒಂದಾಗದಂತೆ ನೋಡಿಕೊಳ್ಳಲು ಅದು. 55,000 ಅಡಿ ಎತ್ತರದಲ್ಲಿ ಮ್ಯಾಕ್ 1.42 (ಶಬ್ದದ ವೇಗದ 1.42 ಪಟ್ಟು), ಅಂದರೆ ಗಂಟೆಗೆ ಸುಮಾರು 1,510 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ನೆಲದಲ್ಲಿ ಕೇಳಬೇಕಾದ ಮಟ್ಟ 75 ಎಂಬುದು ಗುರಿ. ಹಿಂದೆ ಹಾರುತ್ತಿದ್ದ ಸೂಪರ್‌ಸಾನಿಕ್ ಪ್ರಯಾಣಿಕ ವಿಮಾನ ಕಾಂಕಾರ್ಡ್‌ನದು ಇದೇ ಅಳತೆಯಲ್ಲಿ ಸುಮಾರು 105 ಇತ್ತು. ಈ ಅಳತೆ, ಕಿವಿಗೆ ಎಷ್ಟು ಜೋರು ಅನ್ನಿಸುತ್ತದೆ ಅನ್ನುವುದರ ಡೆಸಿಬೆಲ್ ಲೆಕ್ಕ. 10 ಇಳಿದರೆ ಸದ್ದು ಹೆಚ್ಚುಕಡಿಮೆ ಅರ್ಧ ಆದಂತೆ. 30 ಇಳಿದರೆ ಎಂಟನೇ ಒಂದು ಭಾಗ. ಸ್ವಲ್ಪ ದೂರದಲ್ಲಿ ಯಾರೋ ಕಾರಿನ ಬಾಗಿಲು ಹಾಕಿದಷ್ಟು ಕೇಳಬಹುದು ಎಂದು ನಾಸಾ ಹೇಳುತ್ತದೆ. ಹಾಗಾಗಿ ಸದ್ದು ಬರುತ್ತದೆ. ಬೆಚ್ಚಿಬೀಳುವಂತೆ ಬರಬಾರದು ಅನ್ನುವುದಷ್ಟೇ ಪ್ರಯತ್ನ.

ಕಟ್ಟುವವರ ಪಾಡು

ನಿಮ್ಮ ಪ್ರಶ್ನೆಯಲ್ಲಿ ನನಗೆ ಅತಿ ಹತ್ತಿರದ ಭಾಗ ಇದು. ಸದ್ದು ತಗ್ಗುವುದು ಆಕಾರದಿಂದ ಅಂದಮೇಲೆ, ಕಾಗದದ ಮೇಲಿನ ಆಕಾರ ಹ್ಯಾಂಗರ್‌ನಿಂದ ಹೊರಬರುವಾಗಲೂ ಹಾಗೆಯೇ ಇರಬೇಕು. ಮಾಮೂಲಿ ವಿಮಾನದಲ್ಲಿ ಸ್ಕಿನ್‌ನ (ಹೊರಹೊದಿಕೆಯ) ಎರಡು ಪ್ಯಾನೆಲ್ ಸೇರುವಲ್ಲಿ ಸಣ್ಣ ಮೆಟ್ಟಿಲಿನ ಥರ ಏರುಪೇರು ಉಳಿದರೆ ಸ್ವಲ್ಪ ಇಂಧನ ಜಾಸ್ತಿ ಸುಡುತ್ತದೆ, ಅಷ್ಟೇ. ಇಲ್ಲಿ ಅಂಥ ಏರುಪೇರು, ಎದ್ದ ರಿವೆಟ್ ತಲೆ, ಸರಿಯಾಗಿ ಕೂರದ ಮುಚ್ಚಳ, ಒಂದೊಂದೂ ತನ್ನದೇ ಪುಟ್ಟ ಅಲೆಯನ್ನು ಎಬ್ಬಿಸಬಲ್ಲದು. ಅಲೆಗಳನ್ನು ಬೇರೆಬೇರೆ ಇಡಲು ವಿನ್ಯಾಸಗಾರರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿರುತ್ತಾರೆ. ಜೋಡಿಸುವವರು ಮೈಮರೆತರೆ ಕರೆಯದ ಅಲೆಯೊಂದು ಮಧ್ಯೆ ಬಂದು ಸೇರುತ್ತದೆ.

ನಿಮ್ಮ ಶಾಪ್‌ನಲ್ಲಿ ಒಂದು ಬುಷ್‌ಗೆ ಹತ್ತಿಪ್ಪತ್ತು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಮಿತಿ ಹಿಡಿಯುತ್ತೀರಿ. ಅದು ಅಂಗೈಯಲ್ಲಿ ಹಿಡಿಸುವ ವಸ್ತು. 30 ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ ಇಟ್ಟುಕೊಳ್ಳಿ. ಶೆಡ್‌ನ ಬಿಸಿ 10 ಡಿಗ್ರಿ ಏರಿದರೆ ಅದು ಸುಮಾರು 7 ಮಿಲಿಮೀಟರ್ ಬೆಳೆಯುತ್ತದೆ! ಪಕ್ಕದಲ್ಲಿ ಕಾರ್ಬನ್ ಕಾಂಪೊಸಿಟ್ (ಕಾರ್ಬನ್ ನಾರಿನ ಪದರಗಳನ್ನು ಅಂಟಿಸಿ ಮಾಡಿದ) ಪ್ಯಾನೆಲ್ ಇದ್ದರೆ ಅದು ಬೆಳೆಯುವುದೇ ಇಲ್ಲ ಎನ್ನಬೇಕು. ಬೆಳಿಗ್ಗೆ ಸಾಲಾಗಿ ಕೂತ ತೂತುಗಳು ಮಧ್ಯಾಹ್ನ ಕೂರುವುದಿಲ್ಲ. ಅದಕ್ಕೇ ನಾವು ಉದ್ದದ ಅಳತೆಗಳನ್ನು ಹ್ಯಾಂಗರ್ ಚಾವಣಿ ಕಾಯುವ ಮೊದಲೇ ತೆಗೆಯುತ್ತಿದ್ದೆವು. ಪ್ರತಿ ಅಳತೆಯ ಪಕ್ಕದಲ್ಲಿ ಆಗಿನ ಉಷ್ಣಾಂಶ ಬರೆಯದಿದ್ದರೆ ಆ ಅಳತೆಗೆ ಬೆಲೆಯೇ ಇರಲಿಲ್ಲ.

ಇನ್ನೊಂದು ಕಷ್ಟ, ಬೇಕಾದ ಆಕಾರ ಯಾವುದು ಅನ್ನುವುದೇ. ನೆಲದ ಮೇಲೆ ಜಿಗ್‌ನಲ್ಲಿ, ಅಂದರೆ ಜೋಡಿಸುವಾಗ ಭಾಗವನ್ನು ಅಲುಗದಂತೆ ಹಿಡಿಯುವ ಚೌಕಟ್ಟಿನಲ್ಲಿ, ಕೂತ ರೆಕ್ಕೆ ಒಂದು ರೂಪದಲ್ಲಿರುತ್ತದೆ. ಗಾಳಿ ಎತ್ತಿ ಹಿಡಿದಾಗ ಅದು ಬಾಗುತ್ತದೆ, ತಿರುಚಿಕೊಳ್ಳುತ್ತದೆ. ಇಂಧನ ಖಾಲಿಯಾದಂತೆ ಮತ್ತೆ ಬದಲಾಗುತ್ತದೆ. ಸದ್ದಿನ ಲೆಕ್ಕ ನಡೆಯುವುದು ಆಕಾಶದಲ್ಲಿನ ರೂಪಕ್ಕೆ. ಹಾಗಾಗಿ ಜಿಗ್‌ನಲ್ಲಿ ಕಟ್ಟುವಾಗಲೇ ಆ ಬಾಗನ್ನು ಹಿಂದಕ್ಕೆ ಲೆಕ್ಕ ಹಾಕಿ, ಬೇಕೆಂದೇ ಬೇರೆ ರೂಪದಲ್ಲಿ ಕಟ್ಟಬೇಕಾಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಇದನ್ನು ನೋಡಿ ‘ರೆಕ್ಕೆ ಸೊಟ್ಟ ಇದೆ’ ಅನ್ನುತ್ತಾರೆ. ಅದು ಸೊಟ್ಟ ಅಲ್ಲ, ಜಿಗ್ ಶೇಪ್.

ಎಕ್ಸ್-59ನ್ನು ಕಟ್ಟಿದ್ದು ಕ್ಯಾಲಿಫೋರ್ನಿಯಾದ ಪಾಮ್‌ಡೇಲ್‌ನಲ್ಲಿ, ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ಸ್ಕಂಕ್ ವರ್ಕ್ಸ್ ವಿಭಾಗ. ರೆಕ್ಕೆ, ಮೈಭಾಗ, ಬಾಲ ಮೂರನ್ನೂ ಬೇರೆಬೇರೆ ಕಟ್ಟಿ 2021ರಲ್ಲಿ ಒಂದಕ್ಕೊಂದು ಕೂಡಿಸಿದರು. ರೆಕ್ಕೆಯ ಒಳಚೌಕಟ್ಟಿಗೆ ಸ್ಕಿನ್ ಬಿಗಿಯಲು ತೂತು ಕೊರೆದದ್ದು ಕೋಬ್ರಾ ಎಂಬ ರೋಬೋಟ್. ಕೂಡಿಸುವಾಗ ಲೇಸರ್‌ನಿಂದ ಅಳೆದು ಭಾಗಗಳು ತಮ್ಮ ಜಾಗದಲ್ಲಿವೆಯೇ ಎಂದು ನೋಡಿದರು. ಈ ರೋಬೋಟ್ ಮಾತು ಕೇಳಿ ‘ಮನುಷ್ಯರಿಗೆ ಕೆಲಸ ಇರಲಿಲ್ಲ’ ಅಂದುಕೊಳ್ಳಬೇಡಿ. ಕಾರ್ಬನ್‌ನಲ್ಲಿ ತೂತು ಕೊರೆಯುವಾಗ ಡ್ರಿಲ್ ಬಿಟ್ ಬೇಗ ಮೊಂಡಾಗುತ್ತದೆ. ಮೊಂಡು ಬಿಟ್ ಹಿಂದಿನ ಪದರವನ್ನು ಹರಿದು ಬಿಡುತ್ತದೆ. ಒಂದು ತೂತು ದೊಡ್ಡದಾದರೆ ಬೆಲ್ಲ ಹಾಕಿ ಅಂಟಿಸಲು ಆಗುವುದಿಲ್ಲ, ರಿಪೇರಿಗೆ ವಿನ್ಯಾಸದವರ ಒಪ್ಪಿಗೆ, ಹೊಸ ಫಾಸ್ಟೆನರ್, ಹೊಸ ಲೆಕ್ಕ ಎಲ್ಲ ಬೇಕು. ಯಾವಾಗ ಬಿಟ್ ಬದಲಿಸಬೇಕು, ಯಾವ ಸಂದಿಗೆ ಎಷ್ಟು ಶಿಮ್ (ಸಂದಿ ತುಂಬುವ ತೆಳು ತುಂಡು) ಹಾಕಬೇಕು, ಎಲ್ಲಿ ಬಿಗಿದರೆ ಇನ್ನೆಲ್ಲೋ ಸೆಳೆದುಕೊಳ್ಳುತ್ತದೆ, ಇದೆಲ್ಲ ಇವತ್ತಿಗೂ ಅನುಭವಸ್ಥರ ಕೈಯಲ್ಲೇ ಇದೆ.

ಶಿಮ್ ಬಗ್ಗೆ ಒಂದು ಮಾತು. ಎರಡು ಭಾಗಗಳ ನಡುವೆ ಸಂದಿ ಉಳಿದಾಗ ಬೋಲ್ಟ್ ಬಿಗಿದು ಎಳೆದು ಕೂರಿಸಿಬಿಡುವ ಆಸೆ ಯಾವ ಫಿಟ್ಟರ್‌ಗೂ ಬರುತ್ತದೆ. ಕೂತೂ ಕೂರುತ್ತದೆ. ಆದರೆ ಆ ಭಾಗದೊಳಗೆ ಸದಾ ಒಂದು ಸೆಳೆತ ಉಳಿದುಬಿಡುತ್ತದೆ. ಮುಂದೆ ಬಿರುಕು ಬಿಡುವುದು ಅಲ್ಲೇ. ಆಕಾರವೂ ಸ್ವಲ್ಪ ಎಳೆದುಕೊಳ್ಳುತ್ತದೆ. ಸಂದಿಯನ್ನು ಅಳೆದು, ಅಷ್ಟೇ ದಪ್ಪದ ಶಿಮ್ ತುಂಬಿ, ಸೆಳೆತ ಇಲ್ಲದೆ ಬಿಗಿಯುವುದೇ ಸರಿಯಾದ ದಾರಿ. ಅದಕ್ಕೆ ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಹಳೆ ಭಾಗ ಹಾಕುವುದು ಮೋಸವಾ?

ಅಲ್ಲವೇ ಅಲ್ಲ. ಎಕ್ಸ್-59ರಲ್ಲಿ ಎಫ್-16ರ ಲ್ಯಾಂಡಿಂಗ್ ಗೇರ್ ಇದೆ. ಟಿ-38 ತರಬೇತಿ ವಿಮಾನದ ಕ್ಯಾನೊಪಿ (ಕಾಕ್‌ಪಿಟ್‌ನ ಗಾಜಿನ ಮುಚ್ಚಳ) ಮತ್ತು ಎಜೆಕ್ಷನ್ ಸೀಟ್ (ಅಪಾಯದಲ್ಲಿ ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಸೀಟು) ಇದೆ. ಎಫ್-117ರ ಕಂಟ್ರೋಲ್ ಸ್ಟಿಕ್ ಇದೆ. ಪೈಲಟ್‌ಗೆ ಆಮ್ಲಜನಕ ಕೊಡುವಂಥ ಜೀವರಕ್ಷಕ ವ್ಯವಸ್ಥೆ ಎಫ್-15ರದ್ದು. ಇಂಜಿನ್ ಜಿಇ ಕಂಪನಿಯ ಎಫ್414, ಇದೊಂದು ವಿಮಾನಕ್ಕೆಂದೇ ಬದಲಿಸಿ ಮಾಡಿದ್ದು. ನಮ್ಮ ತೇಜಸ್ ಮಾರ್ಕ್-2ಗೆ ಆರಿಸಿರುವುದೂ ಇದೇ ಎಫ್414 ಮನೆತನದ ಇಂಜಿನ್. ಅದನ್ನು ಇಲ್ಲೇ ತಯಾರಿಸಲು ಎಚ್‌ಎಎಲ್ ಮತ್ತು ಜಿಇ 2023ರಲ್ಲಿ ಒಡಂಬಡಿಕೆಗೆ ಸಹಿ ಹಾಕಿದವು.

ಯೋಚಿಸಿ ನೋಡಿ. ಈ ವಿಮಾನದಲ್ಲಿ ಪರೀಕ್ಷೆ ಆಗಬೇಕಾದ್ದು ಆಕಾರ. ಚಕ್ರ ಅಲ್ಲ, ಸೀಟ್ ಅಲ್ಲ. ಸೀಟನ್ನೂ ಹೊಸದಾಗಿ ಮಾಡಿದರೆ ಅದನ್ನು ಬೇರೆ ಪರೀಕ್ಷಿಸಬೇಕು. ಆಗ ಹಾರಾಟದಲ್ಲಿ ಏನಾದರೂ ಎಡವಟ್ಟಾದರೆ ಯಾವ ಹೊಸ ಭಾಗದಿಂದ ಅನ್ನುವುದೇ ತಿಳಿಯುವುದಿಲ್ಲ. ಸಾವಿರಾರು ಸಲ ನೆಲಕ್ಕೆ ಇಳಿದು ಗುಣ-ದೋಷ ಎರಡೂ ಗೊತ್ತಿರುವ ಗೇರ್ ಇದ್ದಾಗ ಅದನ್ನೇ ಹಾಕುವುದು ಜಾಣತನ. ಗೊತ್ತಿರುವುದಕ್ಕೆ ಗೊತ್ತಿರುವುದೇ ಸಾಕು, ಹೊಸತು ಎಲ್ಲಿ ಬೇಕೋ ಅಲ್ಲಿ ಮಾತ್ರ ಹೊಸತು.

ತೊಂದರೆ ಇಲ್ಲ ಎಂದಲ್ಲ. ಎರವಲು ಭಾಗ ತನ್ನ ಹಳೆ ಮನೆಯ ಅಭ್ಯಾಸಗಳನ್ನೂ ಜೊತೆಗೆ ತರುತ್ತದೆ. ಅದರ ಬೋಲ್ಟ್‌ಗಳ ಜಾಗ ಬೇರೆ, ಕನೆಕ್ಟರ್ ಬೇರೆ, ಹೈಡ್ರಾಲಿಕ್ ಒತ್ತಡ ಬೇರೆ, ಕೇಳುವ ವೋಲ್ಟೇಜ್ ಬೇರೆ ಇರಬಹುದು. ಭಾಗಕ್ಕೆ ಭಾಗ ಚೆನ್ನಾಗಿಯೇ ಇರುತ್ತದೆ, ಎರಡು ಭಾಗ ಸೇರುವ ಜಾಗದಲ್ಲಿ ಜಗಳ ಶುರುವಾಗುತ್ತದೆ. ನನ್ನ ಕೆಲಸದ ವರ್ಷಗಳಲ್ಲಿ ಕಂಡ ತಡಗಳಲ್ಲಿ ಜಾಸ್ತಿ ಪಾಲು ಇಂಥ ಸೇರುವೆಯ ಜಾಗದ್ದೇ. ಇದಲ್ಲದೆ ಸೀಟಿನ ಸ್ಫೋಟಕ, ಗೇರ್‌ನ ಸೀಲ್, ಇವಕ್ಕೆಲ್ಲ ಆಯಸ್ಸು ಇರುತ್ತದೆ. ಎಲ್ಲಿಂದ ಬಂತು, ಎಷ್ಟು ಸಲ ಇಳಿಯಿತು, ಯಾವಾಗ ರಿಪೇರಿ ಆಯಿತು ಎಂಬ ದಾಖಲೆ ಇಲ್ಲದ ಭಾಗವನ್ನು ಯಾವ ಮರ್ಯಾದಸ್ಥ ಹ್ಯಾಂಗರ್‌ನಲ್ಲೂ ಒಳಗೆ ಬಿಡುವುದಿಲ್ಲ. ನೀವು ಬ್ರಾಕೆಟ್ ಜೊತೆ ಕಳಿಸುವ ಮೆಟೀರಿಯಲ್ ಸರ್ಟಿಫಿಕೇಟ್ ಇದೆಯಲ್ಲ, ಅದರ ದೊಡ್ಡಣ್ಣ ಅದು.

ಮುಂದಿನ ಗಾಜಿನ ವಿಷಯ. ಅಷ್ಟುದ್ದ ಮೂತಿ ಇಟ್ಟು, ಕಾಕ್‌ಪಿಟ್ಟನ್ನು ಮೈಯೊಳಗೆ ಹುದುಗಿಸಿದ ಮೇಲೆ ಮುಂದೆ ಗಾಜಿಟ್ಟರೂ ಪೈಲಟ್‌ಗೆ ಮೂತಿಯೇ ಕಾಣುತ್ತದೆ. ಕಾಂಕಾರ್ಡ್‌ಗೂ ಇದೇ ತಲೆನೋವಿತ್ತು, ಅದು ಇಳಿಯುವಾಗ ಮೂತಿಯನ್ನೇ ಕೆಳಕ್ಕೆ ಬಾಗಿಸುತ್ತಿತ್ತು. ಹಾಗೆ ಬಾಗಿಸುವ ಯಂತ್ರಕ್ಕೆ ತೂಕ ಬೇಕು, ಆಕಾರದಲ್ಲಿ ಸೇರುವೆ ಬೇಕು. ಎಕ್ಸ್-59ರಲ್ಲಿ ಗಾಜಿನ ಬದಲು ಕ್ಯಾಮೆರಾ ಇಟ್ಟು, ಪೈಲಟ್ ಎದುರಿನ 4ಕೆ ಪರದೆಯಲ್ಲಿ ಮುಂದಿನ ನೋಟ ತೋರಿಸುತ್ತಾರೆ. ಪಕ್ಕಗಳಲ್ಲಿ ಕ್ಯಾನೊಪಿಯ ಗಾಜು ಇದ್ದೇ ಇದೆ, ಅದಕ್ಕೇ ‘ಬಹುಪಾಲು ನಿಜ’ ಎಂದೆ. ಈ ಪರದೆಯನ್ನು ನೇರವಾಗಿ ಎಕ್ಸ್-59ಕ್ಕೆ ಹಾಕಲಿಲ್ಲ. ಮೊದಲು 2019ರಲ್ಲಿ ಕಿಂಗ್ ಏರ್ ಎಂಬ ಸಣ್ಣ ವಿಮಾನದಲ್ಲಿಟ್ಟು ಹಾರಿಸಿ ನೋಡಿದರು. ಅಪಾಯ ಏನೆಂದರೆ, ಚಿತ್ರ ಒಂದಿಷ್ಟು ತಡವಾಗಿ ಬಂದರೂ ಇಳಿಯುವ ಹೊತ್ತಿನಲ್ಲಿ ಕಷ್ಟ. ಪರದೆ ಪೂರ್ತಿ ಕೈಕೊಟ್ಟರೆ ಪಕ್ಕದ ಗಾಜು ಮತ್ತು ಉಳಿದ ಉಪಕರಣಗಳನ್ನು ನಂಬಿ ಇಳಿಯಬೇಕು. ನುರಿತ ಪರೀಕ್ಷಾ ಪೈಲಟ್ ಒಬ್ಬರೇ ಕೂರುವ ವಿಮಾನಕ್ಕೆ ಇದು ಒಪ್ಪಬಹುದಾದ ಅಪಾಯ. ನೂರಾರು ಪ್ರಯಾಣಿಕರ ವಿಮಾನಕ್ಕೆ ಹಾಗೆಯೇ ಒಪ್ಪಿಬಿಡಲು ನಾನು ತಯಾರಿಲ್ಲ.

ಏಳು ವರ್ಷ ಯಾಕೆ?

ಗುತ್ತಿಗೆ ಆದದ್ದು 2018ರ ಏಪ್ರಿಲ್‌ನಲ್ಲಿ, 24.75 ಕೋಟಿ ಡಾಲರ್‌ಗೆ. 2021ಕ್ಕೆ ಹಾರಬೇಕಿತ್ತು. ಹೊರಗೆ ತಂದು ತೋರಿಸಿದ್ದು 2024ರ ಜನವರಿ 12ರಂದು. ಹಾರಿದ್ದು 2025ರ ಅಕ್ಟೋಬರ್ 28ರಂದು. ನಡುವೆ ಕೋವಿಡ್ ಬಂತು, ಭಾಗಗಳು ತಡವಾದವು, ಅದೆಲ್ಲ ಸರಿ. ಆದರೆ ತಡಕ್ಕೆ ಇನ್ನೊಂದು ಗಟ್ಟಿ ಕಾರಣ ಇದೆ: ಇರುವುದು ಒಂದೇ ವಿಮಾನ.

ನೂರಾರು ವಿಮಾನ ಮಾಡುವ ಯೋಜನೆಯಲ್ಲಿ ಒಂದನ್ನು ಬಲಿ ಕೊಡುತ್ತಾರೆ. ಅದರ ರೆಕ್ಕೆಯನ್ನು ಮುರಿಯುವ ತನಕ ಬಗ್ಗಿಸಿ ನೋಡುತ್ತಾರೆ. ಇಲ್ಲಿ ಮುರಿದರೆ ಕಥೆ ಮುಗಿಯಿತು. ಆದ್ದರಿಂದ ಹಾರಬೇಕಾದ ಅದೇ ವಿಮಾನವನ್ನು ಟೆಕ್ಸಾಸ್‌ನ ಫೋರ್ಟ್ ವರ್ತ್‌ಗೆ ಸಾಗಿಸಿ, 2022ರ ಮೊದಲ ತಿಂಗಳುಗಳಲ್ಲಿ ಹೈಡ್ರಾಲಿಕ್ ಜಾಕ್‌ಗಳಿಂದ ಒತ್ತಿ, ಎಳೆದು, ಅದಕ್ಕೆ ನೋವಾಗದ ಮಿತಿಯೊಳಗೇ ಬಲ ಪರೀಕ್ಷಿಸಿದರು. ಇಂಧನದ ಟ್ಯಾಂಕ್ ತುಂಬಿಸಿ ವಿಮಾನವನ್ನು ಓರೆ ಮಾಡಿ, ಅಳತೆಯ ಸೆನ್ಸರ್‌ಗಳು ಸರಿ ಹೇಳುತ್ತವೆಯೇ ಎಂದೂ ನೋಡಿದರು. ಮತ್ತೆ ಪಾಮ್‌ಡೇಲ್‌ಗೆ ತಂದು ಅದೇ ವರ್ಷ ನವೆಂಬರ್‌ನಲ್ಲಿ ಇಂಜಿನ್ ಕೂರಿಸಿದರು. ಬಣ್ಣ ಬಳಿದದ್ದು 2023ರ ಕೊನೆಗೆ. ಇಂಜಿನ್ ಮೊದಲ ಸಲ ಉರಿದದ್ದು 2024ರ ಅಕ್ಟೋಬರ್ ಕೊನೆಗೆ. 2025ರಲ್ಲಿ ‘ಅಲ್ಯೂಮಿನಿಯಂ ಬರ್ಡ್’ ಪರೀಕ್ಷೆ. ವಿಮಾನ ನೆಲದಲ್ಲೇ ನಿಂತಿರುತ್ತದೆ, ಕಂಪ್ಯೂಟರ್‌ಗೆ ಮಾತ್ರ ‘ನೀನೀಗ ಹಾರುತ್ತಿದ್ದೀಯ’ ಎಂದು ಮಾಹಿತಿ ಕೊಡುತ್ತಾರೆ, ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡುತ್ತಾರೆ. ಜುಲೈನಲ್ಲಿ ರನ್‌ವೇ ಮೇಲೆ ಓಡಾಟ. ಆಮೇಲೆ ಹಾರಾಟ.

ಆ ಮೊದಲ ಹಾರಾಟವೂ ಶಬ್ದಕ್ಕಿಂತ ಬಹಳ ಕಡಿಮೆ ವೇಗದಲ್ಲಿ. ನಿಲ್ಸ್ ಲಾರ್ಸನ್ ಎಂಬ ಪೈಲಟ್ ಪಾಮ್‌ಡೇಲ್‌ನಿಂದ ಎತ್ತಿ, ಒಂದು ಗಂಟೆಗೂ ಸ್ವಲ್ಪ ಜಾಸ್ತಿ ಹೊತ್ತು ಸುತ್ತಿ, ಎಡ್ವರ್ಡ್ಸ್ ವಾಯುನೆಲೆಯಲ್ಲಿ ಇಳಿಸಿದರು. ಮೊದಲ ದಿನವೇ ಶಬ್ದದ ವೇಗ ದಾಟಿಸುವುದು ಶೌರ್ಯ ಅಲ್ಲ, ಅವಿವೇಕ. ಹಂತಹಂತವಾಗಿ ವೇಗ, ಎತ್ತರ ಏರಿಸಬೇಕು. ಆ ಬಳಿಕ ಎಫ್-15 ವಿಮಾನ ಅದರ ಹತ್ತಿರ ಹಾರಿ ಅಲೆಗಳನ್ನು ಅಳೆಯಬೇಕು, ಮರುಭೂಮಿಯಲ್ಲಿ ಸಾಲಾಗಿಟ್ಟ ಮೈಕ್‌ಗಳು ನೆಲದ ಸದ್ದನ್ನು ಹಿಡಿಯಬೇಕು. ಕೊನೆಗೆ ಜನವಸತಿಯ ಮೇಲೆ ಹಾರಿಸಿ ಜನರನ್ನೇ ಕೇಳಬೇಕು: ನಿಮಗೆ ಕೇಳಿಸಿತೇ? ಕಿರಿಕಿರಿ ಆಯಿತೇ?

ಜನರನ್ನು ಕೇಳುವುದು ಯಾಕೆ ಮುಖ್ಯ ಅನ್ನುವುದಕ್ಕೆ ಹಿಂದಿನ ಕಥೆ ಇದೆ. 1964ರಲ್ಲಿ ಅಮೆರಿಕದ ಒಕ್ಲಹೋಮ ಸಿಟಿಯ ಮೇಲೆ ಆರು ತಿಂಗಳಲ್ಲಿ 1,253 ಬೂಮ್‌ಗಳನ್ನು ಬೇಕೆಂದೇ ಬೀಳಿಸಿದರು. ಜನ ಒಗ್ಗಿಕೊಳ್ಳುತ್ತಾರೆ ಎಂಬ ಲೆಕ್ಕವಿತ್ತು. ಒಗ್ಗಲಿಲ್ಲ. ಸಾವಿರಾರು ದೂರು ಬಂದವು. 1973ರಲ್ಲಿ ಅಮೆರಿಕ ತನ್ನ ನೆಲದ ಮೇಲೆ ನಾಗರಿಕ ವಿಮಾನಗಳು ಶಬ್ದದ ವೇಗ ದಾಟುವುದನ್ನೇ ನಿಷೇಧಿಸಿತು. ಗಮನಿಸಿ, ಅವರು ತಡೆದದ್ದು ವೇಗವನ್ನು. ಎಷ್ಟು ಸದ್ದು ಸರಿ ಅನ್ನುವ ಮಿತಿ ಹಾಕಲು ಅವರ ಹತ್ತಿರ ಅಂಕಿಅಂಶ ಇರಲಿಲ್ಲ. ಆ ಅಂಕಿಅಂಶ ತರಲಿಕ್ಕೇ ಎಕ್ಸ್-59 ಇರುವುದು. 2025ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷರು ಆ ನಿಷೇಧ ತೆಗೆದು, ಸದ್ದಿನ ಆಧಾರದ ನಿಯಮ ತರುವಂತೆ ಆದೇಶ ಕೊಟ್ಟಿದ್ದಾರೆ. ಅಳತೆ ಪೂರ್ತಿ ಆಗುವ ಮುಂಚೆ ಮಿತಿ ನಿಗದಿ ಮಾಡುವ ಆತುರ ನನಗೆ ಸರಿ ಕಾಣುವುದಿಲ್ಲ.

ನಮ್ಮ ತಲೆಯ ಮೇಲೆ ಹಾರಿದರೆ?

ಎಕ್ಸ್-59 ಪ್ರಯಾಣಿಕರ ವಿಮಾನದ ಮಾದರಿ ಅಲ್ಲ. ಹಾಗಾಗಿ ನಾಳೆಯೇ ಏನೂ ಆಗುವುದಿಲ್ಲ. ಮುಂದೆ ಯಾರಾದರೂ ನೆಲದ ಮೇಲೆ ಸೂಪರ್‌ಸಾನಿಕ್ ಸೇವೆ ತರುವುದಾದರೆ ಇರುವ ದಾರಿಗಳು ಕೆಲವೇ.

ಎಕ್ಸ್-59ರ ಹಾಗೆ ಆಕಾರದಿಂದಲೇ ಸದ್ದು ತಗ್ಗಿಸುವುದು ಒಂದು. ಇದರಲ್ಲಿ ವಿಮಾನ ಸೂಜಿಯಂತೆ ಉದ್ದವಾಗುತ್ತದೆ, ಒಳಗೆ ಜಾಗ ಕಡಿಮೆ. ದೊಡ್ಡ ವಿಮಾನ, ಜಾಸ್ತಿ ತೂಕ ಅಂದರೆ ಅಲೆಯೂ ದೊಡ್ಡದು. ಒಬ್ಬ ಪೈಲಟ್‌ನ ವಿಮಾನದಲ್ಲಿ ಗೆದ್ದ ಉಪಾಯ ನೂರು ಜನರ ವಿಮಾನದಲ್ಲಿ ಹಾಗೆಯೇ ಗೆಲ್ಲಬೇಕೆಂದಿಲ್ಲ. ಜೊತೆಗೆ ಈ ಆಕಾರ ಸದ್ದು ತಗ್ಗಿಸುವುದು ಗೊತ್ತು ಮಾಡಿದ ವೇಗ, ಎತ್ತರದಲ್ಲಿ ನೇರವಾಗಿ ಹೋಗುವಾಗ. ವೇಗ ಏರಿಸುವಾಗ, ತಿರುಗುವಾಗ ಅಲೆಗಳು ಒಂದೆಡೆ ಒಟ್ಟಾಗಿ ಜೋರಾಗುವ ಅಪಾಯ ಇದ್ದೇ ಇದೆ.

ಇನ್ನೊಂದು, ಶಬ್ದದ ವೇಗವನ್ನು ಸ್ವಲ್ಪವೇ ದಾಟಿ, ಮ್ಯಾಕ್ 1.1ರಿಂದ 1.3ರ ಆಸುಪಾಸಿನಲ್ಲಿ ಹೋಗುವುದು. ಕೆಳಗಿನ ಬಿಸಿ ಗಾಳಿಯಲ್ಲಿ ಶಬ್ದದ ವೇಗ ಜಾಸ್ತಿ. ಆದ್ದರಿಂದ ಅಲೆ ಕೆಳಗಿಳಿಯುತ್ತ ಬಾಗಿ, ನೆಲ ಮುಟ್ಟದೆ ಮೇಲಕ್ಕೆ ತಿರುಗಿಬಿಡುತ್ತದೆ. ಬೂಮ್ ಸೂಪರ್‌ಸಾನಿಕ್ ಎಂಬ ಕಂಪನಿ 2025ರ ಆರಂಭದಲ್ಲಿ ತನ್ನ ಎಕ್ಸ್‌ಬಿ-1 ವಿಮಾನವನ್ನು ಹೀಗೆ ಹಾರಿಸಿತು. ಉಪಾಯ ಚೆನ್ನಾಗಿದೆ, ಆದರೆ ವೇಗದ ಲಾಭ ಕಡಿಮೆ, ಹವಾಮಾನವನ್ನು ನಂಬಿಕೊಂಡಿರಬೇಕು.

ಕಾಂಕಾರ್ಡ್‌ನಂತೆ ಸಮುದ್ರದ ಮೇಲೆ ಮಾತ್ರ ವೇಗ ಏರಿಸುವುದು ಹಳೆಯ ದಾರಿ. ಜನರಿಗೆ ತೊಂದರೆ ಕಡಿಮೆ, ಆದರೆ ಲಾಭ ಆಗುವ ಮಾರ್ಗಗಳು ಬೆರಳೆಣಿಕೆ. ಬೆಂಗಳೂರಿನಂತೆ ಕಡಲಿನಿಂದ ದೂರ ಇರುವ ಊರಿಗೆ ಅದರಿಂದ ದೊಡ್ಡ ಪ್ರಯೋಜನ ಇಲ್ಲ.

ನಿಮ್ಮ ಕಾಳಜಿ ವಯಸ್ಸಾದವರ ಬಗ್ಗೆ. ನನ್ನ ಅಭಿಪ್ರಾಯ ಕೇಳಿದರೆ, 75ರ ಮಟ್ಟದ ಸದ್ದು ಒಮ್ಮೆ ಕೇಳಿದರೆ ಯಾರೂ ಹೊರಗೆ ಓಡಿ ಬರುವುದಿಲ್ಲ. ದಿನಕ್ಕೆ ಮೂವತ್ತು ಸಲ, ರಾತ್ರಿ ಎರಡಕ್ಕೂ ಕೇಳಿದರೆ ಏನಾಗುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ. ನಿಯಮ ಮಾಡುವವರು ಒಂದು ಸದ್ದು ಎಷ್ಟು ಜೋರು ಅನ್ನುವುದರ ಜೊತೆಗೆ ಎಷ್ಟು ಸಲ, ಯಾವ ಹೊತ್ತಿನಲ್ಲಿ ಅನ್ನುವುದನ್ನೂ ಬರೆಯಲೇಬೇಕು. ಜೊತೆಗೆ ವಿಮಾನ ನಿಲ್ದಾಣದ ಹತ್ತಿರದವರಿಗೆ ಬೂಮ್‌ಗಿಂತ ಟೇಕಾಫ್ ಸದ್ದೇ ದೊಡ್ಡ ತಲೆನೋವು. ವೇಗದ ವಿಮಾನಕ್ಕೆ ಸಣ್ಣ ಬಾಯಿಯ, ಬಿರುಸಾಗಿ ಉಗುಳುವ ಇಂಜಿನ್ ಬೇಕು, ಅದು ಸಹಜವಾಗಿಯೇ ಕಿರುಚುತ್ತದೆ. ಆಕಾರ ಎಷ್ಟೇ ನಯವಾಗಿದ್ದರೂ ಅದು ತಗ್ಗುವುದಿಲ್ಲ. ‘ಶಾಂತ ಸೂಪರ್‌ಸಾನಿಕ್’ ಎಂಬ ಮಾತು ಕೇಳಿದಾಗ ದೇವನಹಳ್ಳಿ ಸುತ್ತಲಿನವರು ಕೇಳಬೇಕಾದ ಪ್ರಶ್ನೆ ಇದು.

ಹುಡುಗ ಏನು ಕಲಿಯಲಿ? ವಿನ್ಯಾಸದ ಸಾಫ್ಟ್‌ವೇರ್ ಕಲಿಯುವವರು ಬಹಳ ಜನ ಇದ್ದಾರೆ. ಅಳತೆ ಬಲ್ಲವರು ಕಡಿಮೆ. ಸಿಎಂಎಂ (ಭಾಗದ ಆಕಾರವನ್ನು ಬಿಂದುಬಿಂದುವಾಗಿ ಅಳೆಯುವ ಯಂತ್ರ), ಲೇಸರ್ ಟ್ರ್ಯಾಕರ್ (ದೊಡ್ಡ ಭಾಗಗಳನ್ನು ಲೇಸರ್‌ನಿಂದ ಅಳೆಯುವ ಉಪಕರಣ), ಜಿಡಿ ಅಂಡ್ ಟಿ, ಅಂದರೆ ಡ್ರಾಯಿಂಗ್‌ನಲ್ಲಿ ಆಕಾರ-ಜಾಗಗಳ ಮಿತಿ ಬರೆಯುವ ಭಾಷೆ, ಇವನ್ನು ಕಲಿಯಲಿ. ಕಾಂಪೊಸಿಟ್‌ನಲ್ಲಿ ತೂತು ಕೊರೆಯುವುದನ್ನು ಕೈಯಾರೆ ಮಾಡಲಿ, ಕೆಡಿಸಲಿ, ಹರಿದ ಪದರವನ್ನು ಲೆನ್ಸ್ ಹಿಡಿದು ನೋಡಲಿ. ರಜೆಯಲ್ಲಿ ನಿಮ್ಮ ಶಾಪ್‌ಗೇ ಕರೆಸಿಕೊಳ್ಳಿ. ನೀವು ಮಾಡುವ ಅತಿ ಉದ್ದದ ಅಲ್ಯೂಮಿನಿಯಂ ಭಾಗವನ್ನು ಮಷಿನ್‌ನಿಂದ ಇಳಿಸಿದ ಕೂಡಲೇ ಅವನು ಅಳೆಯಲಿ. ರಾತ್ರಿ ಆರಲು ಬಿಟ್ಟು ಬೆಳಿಗ್ಗೆ ಅದೇ ಗೇಜ್‌ನಿಂದ ಮತ್ತೆ ಅಳೆಯಲಿ. ಎರಡೂ ಅಂಕಿಯನ್ನು, ಆಗಿನ ಉಷ್ಣಾಂಶದ ಜೊತೆ ಬರೆದಿಡಲಿ. ವ್ಯತ್ಯಾಸ ಎಷ್ಟು ಬರಬೇಕಿತ್ತು ಎಂದು ಲೆಕ್ಕ ಹಾಕಿ ಹೇಳಲು ಅವನಿಗೆ ಬಂದರೆ, ಮುಂದಿನ ಪಾಠಕ್ಕೆ ಯಾವ ಹ್ಯಾಂಗರ್‌ನವರೂ ಅವನನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ.